ತೊಗಲಿನ ಮೇಲೆ ಹೂ ಬಿಡಿಸಲು ಹೋಗಿ ಎಂಟು ತಿಂಗಳು

ನನ್ನ ಮೊದಲ ಚರ್ಮ ಕೆತ್ತನೆ ಈಚೆಗೆ ಮುಗಿಯಿತು. ಒಂದು ನೋಟ್‌ಬುಕ್ಕಿನ ಹೊದಿಕೆ. ಅದರ ಮುಂಬದಿಯಲ್ಲಿ ಒಂದು ಬಳ್ಳಿ, ಎರಡು ಹೂ, ಏಳು ಎಲೆ. ಇಷ್ಟಕ್ಕೆ ಎಂಟು ತಿಂಗಳು ಬೇಕಾಯಿತೇ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ, ಏಕೆಂದರೆ ಶುರುವಿನಲ್ಲಿ ನಾನೇ ಎರಡು ವಾರಾಂತ್ಯದ ಲೆಕ್ಕ ಹಾಕಿದ್ದೆ. ಈ ದಾರಿಗೆ ಬರುವವರು ನಾನು ಬಿದ್ದ ಹೊಂಡಗಳಲ್ಲೇ ಬೀಳದಿರಲಿ ಎಂದು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲ ತಪ್ಪನ್ನು ಕಲಿಯಲು ಹೋಗುವ ಮುಂಚೆಯೇ ಮಾಡಿ ಮುಗಿಸಿದ್ದೆ. ಮೂವತ್ತು ಸ್ಟಾಂಪುಗಳಿರುವ ಒಂದು ಅಗ್ಗದ ಸೆಟ್ ಕೊಂಡೆ. ಸ್ಟಾಂಪು ಅಂದರೆ ತುದಿಯಲ್ಲಿ ಅಚ್ಚಿರುವ, ಚರ್ಮದ ಮೇಲಿಟ್ಟು ಬಡಿಯುವ ಲೋಹದ ಕಡ್ಡಿ. ಜೊತೆಗೆ ಬ್ಯಾಗು ಹೊಲಿಯುವವರಿಂದ ಮೆತ್ತಗಿನ, ಚೆಂದದ ಕಂದು ಚರ್ಮದ ತುಂಡುಗಳನ್ನು ತಂದೆ. ನೀರು ಹಚ್ಚಿ ಸ್ಟಾಂಪ್ ಇಟ್ಟು ಬಡಿದರೆ ಗುರುತು ಬೀಳುತ್ತಿತ್ತು, ಐದು ನಿಮಿಷಕ್ಕೆ ಮಾಯವಾಗುತ್ತಿತ್ತು. ಇನ್ನೂ ಜೋರಾಗಿ ಬಡಿದೆ. ಅದೂ ಕಬ್ಬಿಣದ ಸುತ್ತಿಗೆಯಲ್ಲಿ. ಗುರುತು ನಿಲ್ಲಲಿಲ್ಲ, ಸ್ಟಾಂಪುಗಳ ತಲೆ ಮಾತ್ರ ಚಪ್ಪಟೆಯಾಗಿ ಅಣಬೆಯಂತೆ ಅರಳಿದವು. ಆ ಚರ್ಮ ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ್ದು, ಅದಕ್ಕೆ ಎಷ್ಟು ಬಡಿದರೂ ನೆನಪು ಉಳಿಯುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಕೆತ್ತನೆಗೆ ಬೇಕಾದದ್ದು ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ಚರ್ಮ, ಅಂದರೆ ವೆಜ್ ಟ್ಯಾನ್. ಓಕ್, ಮಿಮೋಸಾ, ತಂಗಡಿಯ ತೊಗಟೆ, ಅಳಲೆಕಾಯಿ ಇವೆಲ್ಲ ಆ ಕೆಲಸಕ್ಕೆ ಬರುತ್ತವೆ. ಕೊಳ್ಳುವಾಗ ಮೂಲೆಯಲ್ಲೊಂದು ಹನಿ ನೀರು ಹಾಕಿ ಉಗುರಿನಿಂದ ಒತ್ತಿ ನೋಡಿ. ಬಣ್ಣ ತಕ್ಷಣ ಗಾಢವಾಗಿ, ಉಗುರಿನ ಗೆರೆ ಹಾಗೇ ನಿಂತರೆ ಅದು ನಮ್ಮದು. ಕತ್ತರಿಸಿದ ಅಂಚಿನ ನಡುವೆ ನೀಲಿ ಬೂದು ಛಾಯೆ ಕಂಡರೆ ವಾಪಸ್ ಇಟ್ಟುಬಿಡಿ.

ಈ ಕೆಲಸ ಕಲಿಸುವ ಮೇಷ್ಟ್ರ ಬಳಿ ಮೊದಲ ಸಲ ಹೋದಾಗ ಅವರು ನನ್ನ ಸೆಟ್ಟನ್ನು ಬಿಚ್ಚಿಸಿ, ಒಂದೊಂದೇ ಸ್ಟಾಂಪನ್ನು ಬೆಳಕಿಗೆ ಹಿಡಿದು ನೋಡಿ, ಏಳನ್ನು ಒಂದು ಕಡೆ ಇಟ್ಟರು. ಉಳಿದ ಇಪ್ಪತ್ತಮೂರನ್ನು ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟರು. "ಈಗ ಆಗಲ್ಲ, ಕೈಯಲ್ಲಿ ಕೆಲಸ ಇದೆ. ಒಂದು ತಿಂಗಳು ಬಿಟ್ಟು ಬನ್ನಿ" ಎಂದರು. ತಿಂಗಳು ಬಿಟ್ಟು ಹೋದೆ. ಇನ್ನೂ ಎರಡು ವಾರ ಎಂದರು. ಆಗ ಸಿಟ್ಟು ಬಂದಿತ್ತು. ಮೂರನೆಯ ಸಲ ಹೋದಾಗ ಮಾತಿಲ್ಲದೆ ಒಂದು ಸ್ಟೂಲು ತೋರಿಸಿದರು. ಬಂದವರಲ್ಲಿ ಅರ್ಧ ಜನ ಮೂರನೆಯ ಸಲ ಬರುವುದೇ ಇಲ್ಲವೆಂದು ಅವರ ಅನುಭವವಂತೆ.

ಸ್ಟಾಂಪು ಮುಟ್ಟಲು ಏಳು ವಾರ ಬಿಡಲಿಲ್ಲ. ಬರೀ ಕತ್ತಿ. ಈ ಕೆಲಸದ ಕತ್ತಿಗೆ ಸ್ವಿವೆಲ್ ನೈಫ್ ಎನ್ನುತ್ತಾರೆ. ಹೆಬ್ಬೆರಳಿನಷ್ಟು ದಪ್ಪದ ಒಂದು ಕೊಳವೆ, ಕೆಳಗೆ ಅಗಲವಾದ ಗಿಡ್ಡ ಅಲಗು, ಮೇಲೆ ತೋರುಬೆರಳು ಕೂರಲು ಒಂದು ಕವೆ. ತೋರುಬೆರಳು ಮೇಲಿನಿಂದ ಒತ್ತುತ್ತದೆ, ಹೆಬ್ಬೆರಳು ಮತ್ತು ಉಳಿದ ಬೆರಳುಗಳು ಕೊಳವೆಯನ್ನು ತಿರುಗಿಸುತ್ತವೆ. ಮಣಿಕಟ್ಟಲ್ಲ, ಬೆರಳೇ ತಿರುಗಬೇಕು. ಅಲಗನ್ನು ಪೂರ್ತಿ ಊರದೆ, ಅದರ ಮೂಲೆಯನ್ನು ಮಾತ್ರ ಊರಿ ತನ್ನ ಕಡೆಗೆ ಎಳೆದುಕೊಳ್ಳಬೇಕು. ಎಡಕ್ಕೂ ಬಲಕ್ಕೂ ವಾಲಬಾರದು. ವಾಲಿದರೆ ಗೆರೆ ಓರೆಯಾಗಿ ಚರ್ಮದ ಅಡಿಗೆ ನುಗ್ಗುತ್ತದೆ, ಮುಂದೆ ಗೆರೆಯ ಒಂದು ಬದಿಯನ್ನು ತಗ್ಗಿಸುವ ಬೆವೆಲರ್ ಎಂಬ ಸ್ಟಾಂಪು ಬಡಿದಾಗ ಆ ಅಂಚು ತುಟಿಯಂತೆ ಎದ್ದು ನಿಲ್ಲುತ್ತದೆ. ಆಳ ಚರ್ಮದ ದಪ್ಪದ ಮೂರನೇ ಒಂದು ಭಾಗದಿಂದ ಅರ್ಧದೊಳಗೆ ಇರಬೇಕು.

ಮೊದಲ ವಾರ ನೇರ ಗೆರೆ, ಎರಡನೆಯ ವಾರ ಅರ್ಧಚಂದ್ರ, ಆಮೇಲೆ ಹಾವಿನಂತೆ ಬಳುಕುವ ಗೆರೆ. ಒಂದು ಗೆರೆ ಇನ್ನೊಂದನ್ನು ಮುಟ್ಟುವ ಜಾಗದಲ್ಲಿ ಕೂದಲೆಳೆಯಷ್ಟು ಮುಂಚೆ ಕೈ ಎತ್ತಬೇಕು. ದಾಟಿದ ಗೆರೆಯನ್ನು ಯಾವ ಸ್ಟಾಂಪೂ ಮುಚ್ಚಲಾರದು. ಪೆನ್ಸಿಲ್ಲಾದರೆ ರಬ್ಬರ್ ಇದೆ, ಕುಂಬಾರನ ಮಣ್ಣಾದರೆ ಮತ್ತೆ ಕಲಸಬಹುದು. ಇಲ್ಲಿ ಹಾಗಿಲ್ಲ.

ನಾಲ್ಕನೆಯ ವಾರ ನನ್ನ ಗೆರೆಗಳೆಲ್ಲ ಜಗ್ಗಿ ಜಗ್ಗಿ, ಮೆಟ್ಟಿಲು ಮೆಟ್ಟಿಲಾಗಿ ಬರತೊಡಗಿದವು. ನನಗಿದು ಸಾಧ್ಯವಿಲ್ಲ ಎಂದುಕೊಂಡೆ, ಬಿಡುವ ಮನಸ್ಸೂ ಮಾಡಿದ್ದೆ. ಮೇಷ್ಟ್ರು ನನ್ನ ಕತ್ತಿ ತೆಗೆದುಕೊಂಡು ಒಂದು ಗೆರೆ ಎಳೆದರು. ಅವರದೂ ಜಗ್ಗಿತು! ನನಗಾದ ಖುಷಿ ಅಷ್ಟಿಷ್ಟಲ್ಲ. ಅವರು ಚರ್ಮದ ಪಟ್ಟಿ ಅಂಟಿಸಿದ ಹಲಗೆಯ ಮೇಲೆ ಹಸಿರು ಪಾಲಿಶ್ ಸವರಿ ಅಲಗನ್ನು ಹಿಂದಕ್ಕೆ ಎಳೆದರು, ಈ ಬದಿ ಹತ್ತು ಸಲ, ಆ ಬದಿ ಹತ್ತು ಸಲ. ಮತ್ತೆ ಗೆರೆ. ಬೆಣ್ಣೆಯಲ್ಲಿ ಹೋದಂತೆ ಹೋಯಿತು. "ಕೈಯದಲ್ಲ ತಪ್ಪು, ಅಲಗಿಂದು" ಎಂದರು. ಈ ಹಲಗೆಗೆ ಸ್ಟ್ರಾಪ್ ಎನ್ನುತ್ತಾರೆ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಇದರ ಮೇಲೆ ಅಲಗು ಎಳೆಯಿರಿ, ಹರಿತವಾಗಿದೆ ಅನ್ನಿಸಿದರೂ ಎಳೆಯಿರಿ. ಕಲ್ಲಿನಲ್ಲಿ ಮಸೆಯುವುದು ಅಪರೂಪಕ್ಕೆ ಸಾಕು. ಹೊಸ ಅಲಗನ್ನಂತೂ ಮಸೆದು ನಯಗೊಳಿಸದೆ ಬಳಸಲೇಬೇಡಿ, ಅಂಗಡಿಯಿಂದ ಬಂದ ಅಲಗು ಅರ್ಧ ಮುಗಿದ ಅಲಗು. ಸೆರಾಮಿಕ್ ಅಲಗು ಮಸೆತ ಕಡಿಮೆ ಕೇಳುತ್ತದೆ ನಿಜ, ಆದರೆ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಮೂಲೆ ಚಕ್ಕೆ ಹಾರಿಹೋಗುತ್ತದೆ. ನನ್ನದು ಹಾರಿತು.

ಈಗ ನೀರಿನ ವಿಷಯ. ಇದನ್ನೇ ಬರೆಯಬೇಕೆಂದು ಕೂತದ್ದು, ಉಳಿದದ್ದನ್ನೆಲ್ಲ ಎಲ್ಲಾದರೂ ಕಲಿಯಬಹುದು.

ಒಣ ಚರ್ಮದ ಮೇಲೆ ಕೆತ್ತುವುದಿಲ್ಲ, ಒದ್ದೆ ಚರ್ಮದ ಮೇಲೂ ಕೆತ್ತುವುದಿಲ್ಲ. ಒದ್ದೆಯಾಗಿ ಒಣಗುತ್ತಾ ಬಂದು, ಇನ್ನೇನು ಒಣಗಿತು ಎನ್ನುವ ಮುಂಚಿನ ಸ್ಥಿತಿಯೊಂದಿದೆ. ಇಂಗ್ಲಿಷಿನವರು ಅದಕ್ಕೆ ಕೇಸಿಂಗ್ ಅನ್ನುತ್ತಾರೆ. ಮೇಷ್ಟ್ರ ಬಾಯಲ್ಲಿ ಅದು ಹದ. ತೊಗಲನ್ನು ಚರ್ಮ ಮಾಡುವುದಕ್ಕೂ ಹದ ಎಂದೇ ಹೇಳುತ್ತೇವೆ, ಆ ಚರ್ಮ ಕೆತ್ತನೆಗೆ ಒದಗುವ ಗಳಿಗೆಗೂ ಹದವೇ. ನೀರು ಜಾಸ್ತಿಯಿದ್ದರೆ ಸ್ಟಾಂಪಿನ ಸುತ್ತ ತೇವ ಜಿನುಗಿ, ಗುರುತು ಕೆಸರಿನ ಹೆಜ್ಜೆಯಂತೆ ಮೊಂಡಾಗುತ್ತದೆ. ಕಡಿಮೆಯಿದ್ದರೆ ಕತ್ತಿ ಕಚ್ಚುತ್ತದೆ, ಗುರುತು ಪೇಲವವಾಗಿ ಬರುತ್ತದೆ. ಹದ ಸರಿಯಿದ್ದರೆ ಒಂದೇ ಪೆಟ್ಟಿಗೆ ಗುರುತಿನ ತಳ ಕಂದುಬಣ್ಣಕ್ಕೆ ತಿರುಗಿ ಹೊಳೆಯುತ್ತದೆ. ಆ ಕಂದು ಬಂತೋ, ಅರ್ಧ ಕೆಲಸ ಚರ್ಮವೇ ಮಾಡಿಕೊಡುತ್ತದೆ.

ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿದ್ದಕ್ಕೆ ಮೇಷ್ಟ್ರು ಚರ್ಮದ ತುಂಡನ್ನು ಎತ್ತಿ ನನ್ನ ಕೆನ್ನೆಗೆ ಒತ್ತಿದರು. "ತಣ್ಣಗಿದೆಯಾ?" "ಹೂಂ." "ಬಣ್ಣ ನೋಡಿ, ಒಣಗಿದ ಹಾಗೆ ಕಾಣುತ್ತಾ?" "ಹೂಂ." "ಅದೇ." ನೋಟಕ್ಕೆ ಒಣ, ಮುಟ್ಟಿದರೆ ತಂಪು. ಇದಕ್ಕಿಂತ ಹೆಚ್ಚಿನ ವಿವರಣೆ ಆ ದಿನ ಸಿಗಲಿಲ್ಲ.

ಕೆನ್ನೆಯ ಮೇಲೆ ನನಗೆ ಅಷ್ಟು ನಂಬಿಕೆಯಿರಲಿಲ್ಲ. ಒಂದು ನೋಟ್‌ಬುಕ್ ಇಟ್ಟೆ. ತುಂಡು ಎಷ್ಟು ದಪ್ಪ, ಎಷ್ಟು ಹೊತ್ತಿಗೆ ನೀರು ಹಚ್ಚಿದೆ, ಸ್ಪಂಜಿನಲ್ಲೋ ಮುಳುಗಿಸಿಯೋ, ಆ ದಿನ ಮೋಡವೋ ಬಿಸಿಲೋ, ಫ್ಯಾನು ತಿರುಗುತ್ತಿತ್ತೋ ಇಲ್ಲವೋ, ಎಷ್ಟು ಹೊತ್ತಿಗೆ ಒಣಗಿದಾಗಿನ ತಿಳಿ ಬಣ್ಣ ಮರಳಿತು, ಮೊದಲ ಪೆಟ್ಟು ಹೇಗೆ ಬಂತು, ಎಲ್ಲವನ್ನೂ ಬರೆದೆ. ಮೇಷ್ಟ್ರು ನಕ್ಕರು, ಬೇಡ ಅನ್ನಲಿಲ್ಲ. ಅರವತ್ತು ಪುಟ ತುಂಬಿದ ಮೇಲೆ ನನಗೆ ಹೊಂದಿದ ವಿಧಾನ ಇದು: ರಾತ್ರಿ ಚರ್ಮದ ಎರಡೂ ಬದಿಗೆ ಸ್ಪಂಜಿನಿಂದ ಸಮನಾಗಿ ನೀರು ಹಚ್ಚಿ, ಮೇಲ್ಮೈ ಬಣ್ಣ ಮರಳಲು ಶುರುವಾಗುವವರೆಗೆ ಬಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡುವುದು. ಬೆಳಿಗ್ಗೆಗೆ ತೇವ ಒಳಗೆಲ್ಲ ಒಂದೇ ಸಮ ಹರಡಿರುತ್ತದೆ. ಹೊರತೆಗೆದು ಸ್ವಲ್ಪ ಗಾಳಿಗಿಟ್ಟು ಕೆಲಸಕ್ಕೆ ಕೂತರೆ ಗಂಟೆಗಟ್ಟಲೆ ಹದ ಉಳಿಯುತ್ತದೆ. ಆಗಾಗ ನೀರು ಚಿಮುಕಿಸುತ್ತಾ ಹೋಗುವುದು ತೇಪೆ ಹಾಕಿದ ಹಾಗೆ, ಮೇಲೆ ಒದ್ದೆ, ಒಳಗೆ ಒಣ. ನೀರು ಹಚ್ಚಿದರೆ ಇಡೀ ತುಂಡಿಗೆ ಹಚ್ಚಿ. ಒಂದೇ ಕಡೆ ಬಿದ್ದ ನೀರು ಕಲೆಯ ಉಂಗುರ ಬಿಟ್ಟುಹೋಗುತ್ತದೆ.

ಚೀಲದಲ್ಲಿಟ್ಟದ್ದನ್ನು ಮರೆಯಬೇಡಿ. ಒಂದು ಸಲ ಊರಿಗೆ ಹೋಗಿ ಐದು ದಿನ ಬಿಟ್ಟು ಬಂದು ಬಿಚ್ಚಿದರೆ ಅರ್ಧ ಕೆತ್ತಿದ ಎಲೆಗಳ ಮೇಲೆ ಬೂಸು ಬೆಳೆದಿತ್ತು. ಎರಡು ದಿನಕ್ಕಿಂತ ಹೆಚ್ಚು ಇಡಬೇಕಾದರೆ ಫ್ರಿಜ್ಜಿನಲ್ಲಿಡಿ, ಮನೆಯವರಿಗೆ ಮೊದಲೇ ಹೇಳಿ.

ಎಂಟನೆಯ ವಾರ ಕೊಡತಿ ಕೈಗೆ ಬಂತು. ಕಬ್ಬಿಣದ್ದಲ್ಲ, ಸುತ್ತಿದ ಹಸಿತೊಗಲಿನದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಆಗಬೇಕು. ಕೆಳಗೆ ಕಲ್ಲಿನ ಚಪ್ಪಡಿ, ಗ್ರಾನೈಟ್ ಆದರೂ ಸರಿ, ಅಮೃತಶಿಲೆಯಾದರೂ ಸರಿ. ಮರದ ಮೇಜು ಪೆಟ್ಟನ್ನೆಲ್ಲ ತಾನೇ ನುಂಗಿಬಿಡುತ್ತದೆ. ಕಲ್ಲಿನ ಕೆಳಗೆ ದಪ್ಪ ರಬ್ಬರ್ ಹಾಸಿ, ಇಲ್ಲವಾದರೆ ಕೆಳಗಿನ ಮನೆಯವರು ಹತ್ತಿ ಬರುತ್ತಾರೆ.

ಸ್ಟಾಂಪುಗಳ ಹೆಸರು, ನಂಬರು ನೋಡಿ ಗಾಬರಿಯಾಗಬೇಡಿ. ಹೆಚ್ಚು ಬಳಕೆಯಲ್ಲಿರುವ ಕ್ರಾಫ್ಟೂಲ್ ಎಂಬ ಬ್ರ್ಯಾಂಡಿನ ಪದ್ಧತಿಯಲ್ಲಿ ನಂಬರಿನ ಮುಂದಿನ ಅಕ್ಷರವೇ ಕೆಲಸ ಹೇಳುತ್ತದೆ: ಬಿ ಎಂದರೆ ಬೆವೆಲರ್, ಪಿ ಪಿಯರ್ ಶೇಡರ್, ಸಿ ಸಾಲುಗೆರೆಯ ಕಮಾನು ಒತ್ತುವ ಕ್ಯಾಮಫ್ಲಾಜ್, ವಿ ವೇನರ್, ಎಸ್ ಸೀಡರ್, ಎ ಬ್ಯಾಕ್‌ಗ್ರೌಂಡರ್, ಯು ಗೊರಸಿನಾಕಾರದ ಮ್ಯೂಲ್‌ಫುಟ್. ಮೇಷ್ಟ್ರು ಎತ್ತಿಟ್ಟ ಏಳು ಇವೇ. ಹೂವು ಬಳ್ಳಿಯ ಕೆಲಸಕ್ಕೆ ಇಷ್ಟು ಸಾಕು. ಕತ್ತಿಯ ಗೆರೆ ಮೊದಲು, ಆಮೇಲೆ ದಂಟು ಮತ್ತು ದಳದಂಚಿಗೆ ಕ್ಯಾಮಫ್ಲಾಜ್, ದಳ ತಗ್ಗಬೇಕಾದಲ್ಲಿ ಪಿಯರ್ ಶೇಡರ್, ನಂತರ ಬೆವೆಲರ್, ಎಲೆಗೆ ನರ, ಹೂವಿನ ನಡುವೆ ಬೀಜ, ಹಿನ್ನೆಲೆ ತಗ್ಗಿಸುವುದು, ಕೊನೆಗೆ ಮತ್ತೆ ಕತ್ತಿಯಿಂದ ಅಲಂಕಾರದ ಗೆರೆಗಳು. ನಾನು ಒಂದು ಸಲ ಬೀಜವನ್ನು ಮೊದಲು ಒತ್ತಿ ಆಮೇಲೆ ಸುತ್ತ ಬೆವೆಲ್ ಮಾಡಿದೆ, ಬೀಜಗಳೆಲ್ಲ ಜಜ್ಜಿಹೋದವು.

ಇವುಗಳಲ್ಲಿ ಬೆವೆಲರ್ ಒಂದು ಬಂದರೆ ಕೆಲಸ ಬಂದ ಹಾಗೆ. ಕತ್ತಿಯ ಗೆರೆಯೊಳಗೆ ಅದರ ದಪ್ಪ ಅಂಚನ್ನು ಇಟ್ಟು, ಒಂದು ಬದಿಯನ್ನು ಕೆಳಕ್ಕೆ ತಳ್ಳುವುದು ಅದರ ಕೆಲಸ. ಆಗ ಇನ್ನೊಂದು ಬದಿ ಎದ್ದು ಕಾಣುತ್ತದೆ. ಇಟ್ಟು ಬಡಿದು, ಎತ್ತಿ, ಮತ್ತೆ ಇಟ್ಟು ಬಡಿದರೆ ಹಲ್ಲು ಹಲ್ಲಾಗಿ ಬರುತ್ತದೆ. ಎತ್ತದೆ, ಚರ್ಮದಿಂದ ಕೂದಲೆಳೆಯಷ್ಟು ಮೇಲೆ ತೇಲಿಸುತ್ತಾ, ಪ್ರತಿ ಪೆಟ್ಟಿಗೂ ಸ್ಟಾಂಪಿನ ಅಗಲದ ಅರ್ಧಕ್ಕಿಂತ ಕಡಿಮೆ ಸರಿಸುತ್ತಾ ಹೋಗಬೇಕು. ಮೇಷ್ಟ್ರು ಬಡಿಯುವಾಗ ಸದ್ದು ಗಡಿಯಾರದಂತಿತ್ತು. ನನ್ನ ಸದ್ದು ಬಾಗಿಲು ತಟ್ಟುವವರ ಹಾಗೆ. ಒಂದು ದಿನ ನನ್ನ ಕಡೆ ಬೆನ್ನು ಮಾಡಿ ಹೊಲಿಯುತ್ತಿದ್ದವರು ತಿರುಗದೆಯೇ, "ಹಾಂ, ಈಗ ಸರಿಹೋಯ್ತು ನೋಡಪ್ಪಾ, ಹಾಗೇ ಹೋಗು" ಎಂದರು. ನೀವು ನೀನಾದದ್ದು ಅಂದು.

ಆ ಉತ್ಸಾಹದಲ್ಲೇ ದೊಡ್ಡ ಎಡವಟ್ಟು ಮಾಡಿದೆ. ಮೊಳೆಯ ತಲೆಯನ್ನು ಅರದಿಂದ ಉಜ್ಜಿ ತಮಗೆ ಬೇಕಾದ ಸ್ಟಾಂಪು ಮಾಡಿಕೊಳ್ಳುವುದು ಈ ಕಸುಬಿನಲ್ಲಿ ಹಳೆಯ ರೂಢಿ. ನಾನೂ ಒಂದು ಪುಟ್ಟ ಬೀಜದ ಸ್ಟಾಂಪು ಉಜ್ಜಿದೆ, ಅದೇ ಮೇಜಿನ ಮೇಲೆ, ಪಕ್ಕದಲ್ಲಿ ಹದಕ್ಕೆ ಬಂದ ಚರ್ಮ ಇರುವಾಗಲೇ. ಮರುದಿನ ಚೀಲ ಬಿಚ್ಚಿದರೆ ಚರ್ಮದ ತುಂಬ ಕಪ್ಪು ಚುಕ್ಕೆ, ಸಿಡುಬೆದ್ದ ಹಾಗೆ. ತೊಗಟೆಯ ಒಗರಿನಲ್ಲಿ ಹದವಾದ ಚರ್ಮಕ್ಕೆ ನೀರಿನ ಜೊತೆ ಕಬ್ಬಿಣ ಸೋಕಿದರೆ ಮಸಿಯಾಗುತ್ತದೆ, ಅಲಂಕಾರದ ಮಾತಲ್ಲ, ಹಿಂದೆ ಅಳಲೆಕಾಯಿಯ ಒಗರಿಗೆ ಕಬ್ಬಿಣ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ರಸಾಯನದಿಂದ. ಮೇಷ್ಟ್ರು ಬಯ್ಯಲಿಲ್ಲ. ಆಕ್ಸಾಲಿಕ್ ಆಸಿಡ್ಡನ್ನು ನೀರಿನಲ್ಲಿ ತೆಳುವಾಗಿ ಕರಗಿಸಿ ಇಡೀ ತುಂಡಿಗೆ ಸವರಿದರು, ಕಲೆಗಳು ಕಣ್ಣೆದುರೇ ಮಾಸಿದವು. ಆಮೇಲೆ ಶುದ್ಧ ನೀರಿನಲ್ಲಿ ಚೆನ್ನಾಗಿ ಒರೆಸಬೇಕು. ಅದು ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ. ಎಣ್ಣೆ ಹಚ್ಚಿದ ಮೇಲೆ ಈ ಉಪಾಯ ನಡೆಯದು. ಕಬ್ಬಿಣದ ಬೋಗುಣಿಯಲ್ಲಿ ನೀರಿಡಬೇಡಿ, ಉಂಗುರ ಬಿಚ್ಚಿಡಿ, ಉಗುರು ಕತ್ತರಿಸಿಕೊಳ್ಳಿ. ಹದದ ಚರ್ಮಕ್ಕೆ ಉಗುರೂ ಸ್ಟಾಂಪೇ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಹೋದದ್ದು ಚರ್ಮಕ್ಕೆ, ಅದರಲ್ಲೂ ಅಭ್ಯಾಸಕ್ಕೆ ಹಾಳು ಮಾಡಿದ ಚರ್ಮಕ್ಕೆ. ಹೊದಿಕೆಗೆ ಬಳಸಿದ್ದರ ಎಂಟು ಪಟ್ಟು ಕಸವಾಯಿತು. ಹಾಗೆಂದು ಅಭ್ಯಾಸಕ್ಕೆ ಹೊಟ್ಟೆಭಾಗದ ಅಗ್ಗದ ಚರ್ಮ ತರಬೇಡಿ, ಅದು ಸಡಿಲ, ಹಿಗ್ಗುತ್ತದೆ, ನಿಮ್ಮ ತಪ್ಪು ಯಾವುದು ಚರ್ಮದ ತಪ್ಪು ಯಾವುದು ಗೊತ್ತಾಗುವುದಿಲ್ಲ. ಭುಜದ ಅಥವಾ ಬೆನ್ನಿನ ಭಾಗದ ಚೂರುಗಳನ್ನು ಕೇಳಿ ತನ್ನಿ. ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ, ಒಂದು ಔನ್ಸ್ ಎಂದರೆ ಇಂಚಿನ 1/64 ಭಾಗ, ಸುಮಾರು 0.4 ಮಿಲಿಮೀಟರ್. ಬೆಲ್ಟಿಗೆ 8–9 ಔನ್ಸ್, ಪರ್ಸಿಗೆ 2–3 ಔನ್ಸ್. ಕಲಿಯಲು ದಪ್ಪನೆಯದೇ ಒಳ್ಳೆಯದು, ಆಳ ತಪ್ಪಿದರೂ ಕ್ಷಮಿಸುತ್ತದೆ. ದುಡ್ಡು ಉಳಿಸಬೇಕಾದರೆ ಸ್ಟಾಂಪಿನಲ್ಲಿ ಉಳಿಸಿ, ಕತ್ತಿಯಲ್ಲಿ ಬೇಡ.

ಆರನೆಯ ತಿಂಗಳ ಕೊನೆಗೆ ಹೊದಿಕೆ ಶುರು ಮಾಡಿದೆ. ವಿನ್ಯಾಸದಲ್ಲಿ ಅಮೆರಿಕದ ವಯೋಮಿಂಗಿನ ಶೆರಿಡನ್ ಊರಿನ ಶೈಲಿಯ ನೆರಳಿದೆ. ಕುದುರೆಯ ಜೀನು ಮಾಡುತ್ತಿದ್ದ ಡಾನ್ ಕಿಂಗ್ ಅವರ ಕೈಯಲ್ಲಿ ಬೆಳೆದ ಶೈಲಿ ಅದು. ಅಲ್ಲಿ ದಂಟುಗಳು ವೃತ್ತವೃತ್ತವಾಗಿ ಸುತ್ತಿಕೊಂಡು, ಪ್ರತಿ ವೃತ್ತದೊಳಗೊಂದು ಹೂ ಕೂರುತ್ತದೆ. ನನ್ನ ಕೈಗೆ ಎರಡು ವೃತ್ತವೇ ಹೆಚ್ಚಾಯಿತು. ಚಿತ್ರವನ್ನು ಟ್ರೇಸಿಂಗ್ ಫಿಲ್ಮಿನ ಮೇಲೆ ಬರೆದು, ಹದದ ಚರ್ಮದ ಮೇಲಿಟ್ಟು ಮೊಂಡುಮೊನೆಯ ಕಡ್ಡಿಯಿಂದ ತಿದ್ದಿದರೆ ಗೆರೆ ಮೂಡುತ್ತದೆ. ಕಾರ್ಬನ್ ಹಾಳೆ ಬೇಡ, ಬಾಲ್ ಪೆನ್ನೂ ಬೇಡ, ಆ ಶಾಯಿ ಚರ್ಮ ಇರುವವರೆಗೂ ಇರುತ್ತದೆ. ಬಡಿದಂತೆ ಚರ್ಮ ಹಿಗ್ಗುತ್ತದೆ, ಚೌಕ ಹೋಗಿ ದೋಣಿಯಾಗುತ್ತದೆ. ಹಿಂಬದಿಗೆ ಹಳೆಯ ಎಕ್ಸ್‌ರೇ ಫಿಲ್ಮನ್ನು ರಬ್ಬರ್ ಅಂಟಿನಿಂದ ಅಂಟಿಸಿಕೊಂಡರೆ ಹಿಗ್ಗುವುದು ತಡೆಯುತ್ತದೆ. ನನ್ನದು ಅಣ್ಣನ ಮೊಣಕಾಲಿನ ಎಕ್ಸ್‌ರೇ.

ಕೆತ್ತನೆಗೆ ಹನ್ನೊಂದು ಬೈಠಕ್ ಹಿಡಿಯಿತು. ಎಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ಮೊದಲೇ ಕಾಗದದ ಮೇಲೆ ಗುರುತು ಮಾಡಿಕೊಳ್ಳದೆ ಒಂದು ಕಡೆ ದಂಟಿನ ತಪ್ಪು ಬದಿಗೆ ಬೆವೆಲ್ ಹೊಡೆದೆ. ಹೂವಿನ ಹಿಂದೆ ಹೋಗಬೇಕಾದ ದಂಟು ಹೂವನ್ನು ಹತ್ತಿ ಮುಂದೆ ಬಂತು. ಅದನ್ನು ಸರಿಮಾಡಲಾಗದೆ ಅಲ್ಲೊಂದು ಎಲೆ ಹೆಚ್ಚು ಮಾಡಿದೆ. ಆರಿದ್ದ ಎಲೆ ಏಳಾದ ಕಥೆ ಇಷ್ಟೇ.

ಕೆತ್ತನೆ ಮುಗಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಪೂರ್ತಿ ಒಣಗಲು ಒಂದು ದಿನ, ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಮೂಳೆಯಿಂದ ತೆಗೆದದ್ದು) ತೆಳುವಾಗಿ ಹಚ್ಚಿ ಅದು ಸಮನಾಗಿ ಹರಡಲು ಇನ್ನೊಂದು ದಿನ, ಮೇಲೆ ಬಣ್ಣ ಹೀರದಂತೆ ತಡೆಯುವ ರೆಸಿಸ್ಟ್ ಲೇಪ ಎರಡು ಪದರ, ಅದು ಆರಲು ಮತ್ತೊಂದು ದಿನ. ಆಮೇಲೆ ಆಂಟಿಕ್ ಪೇಸ್ಟ್: ಗಾಢ ಕಂದು ಬಣ್ಣವನ್ನು ಎಲ್ಲ ಕಡೆ ಬಳಿದು ಒರೆಸಿದರೆ ತಗ್ಗಿನಲ್ಲಿ ಮಾತ್ರ ನಿಂತು ಹೂವು ಮೇಲೇಳುತ್ತದೆ. ರೆಸಿಸ್ಟ್ ತಾಗದ ಜಾಗ ಪೇಸ್ಟನ್ನು ಕುಡಿದು ಕಪ್ಪಾಗಿಬಿಡುತ್ತದೆ, ಮತ್ತೆ ಬಿಡುವುದಿಲ್ಲ. ನನ್ನ ಎಡ ಕೆಳಮೂಲೆ ಹಾಗಾಗಿದೆ, ನೆರಳು ಎಂದು ಹೇಳಿಕೊಳ್ಳುತ್ತೇನೆ. ಇದೇ ಚರ್ಮದ ಚೂರಿನ ಮೇಲೆ ಒಂದೆರಡು ಎಲೆ ಕೆತ್ತಿಟ್ಟುಕೊಂಡು, ಎಣ್ಣೆ ಬಣ್ಣಗಳನ್ನೆಲ್ಲ ಮೊದಲು ಅದರ ಮೇಲೆ ನೋಡಿ. ಮೇಷ್ಟ್ರು ಇದನ್ನು ಹೇಳಿದ್ದರು, ನಾನೇ ಕೇಳಲಿಲ್ಲ.

ಹೊಲಿಗೆ ಒಂದೇ ದಾರಕ್ಕೆ ಎರಡು ಸೂಜಿ ಹಾಕಿ ಎರಡೂ ಕಡೆಯಿಂದ ಹೊಲಿಯುವ ಜೀನುಹೊಲಿಗೆ. ಅದು ಒಂದು ಮಧ್ಯಾಹ್ನದಲ್ಲಿ ಬಂತು. ಮಡಿಕೆ ಬೀಳುವ ಬೆನ್ನುಪಟ್ಟಿಯಲ್ಲಿ ಮಾತ್ರ ಆಳದ ಗೆರೆ ಹಾಕಬೇಡಿ, ಬಗ್ಗಿ ಬಗ್ಗಿ ಅಲ್ಲೇ ಬಿರುಕು ಬಿಡುತ್ತದೆ.

ಹೊದಿಕೆಯನ್ನು ಹಾಕಿದ್ದು ಆ ತೇವದ ಲೆಕ್ಕದ ನೋಟ್‌ಬುಕ್ಕಿಗೇ. ಮೇಷ್ಟ್ರ ಕೈಗೆ ಕೊಟ್ಟೆ. ಕಿಟಕಿಯ ಬಳಿ ಹೋಗಿ ಓರೆ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಒಂದು ದಳ ಸವರಿ, "ಇಲ್ಲಿ ಒಣಗಿತ್ತು" ಎಂದರು. ಇನ್ನೊಂದು ಕಡೆ, "ಇಲ್ಲಿ ಕತ್ತಿ ಸ್ಟ್ರಾಪ್ ಮಾಡಿರಲಿಲ್ಲ." ಏಳನೆಯ ಎಲೆಯ ಮೇಲೆ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಆಮೇಲೆ ಹೊದಿಕೆ ಬಿಟ್ಟು ಒಳಗಿನ ಪುಟಗಳನ್ನು ತಿರುವತೊಡಗಿದರು. ಹೊಸದಾಗಿ ಒಬ್ಬ ಹುಡುಗ ಕಲಿಯಲು ಬರುತ್ತಿದ್ದಾನಂತೆ, ಮೂರನೆಯ ಸಲವೂ ಬಂದನಂತೆ. "ಇದನ್ನು ಒಂದು ವಾರ ಇಲ್ಲಿ ಬಿಟ್ಟಿರು, ಅವನಿಗೆ ತೋರಿಸ್ತೀನಿ" ಎಂದರು.

ಮೂರು ವಾರವಾಯಿತು. ನೋಟ್‌ಬುಕ್ ಇನ್ನೂ ಅಲ್ಲೇ ಇದೆ.